ಚೆಂಡುಹೂವಿನ ಪೂರ್ವಾಶ್ರಮ

ಕಳೆದ ಶರತ್ಕಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಬರಹಕ್ಕೆ ಕಾರಣ. ನನ್ನ ಮಗಳು ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದಾಳೆ. ಅಕ್ಟೋಬರ್ ತಿಂಗಳ ಕೊನೆಗೆ ಅವಳ ಗೆಳತಿಯರ ಗುಂಪಿನಲ್ಲಿ ‘ಹ್ಯಾಲೋವೀನ್’ ಎಂಬ ಭೂತಪ್ರೇತಗಳ ಹಬ್ಬದ ಸಡಗರ. ಮನೆಯನ್ನು ಹೂವಿನಿಂದ ಅಲಂಕರಿಸಬೇಕು, ಆದರೆ ನೋಡಿದವರಿಗೆ ತುಸು ಎದೆ ಝಲ್ಲೆನ್ನಬೇಕು ಎಂಬುದು ಅವರವರಲ್ಲೇ ಆದ ಒಪ್ಪಂದ. ಅದರಂತೆ ಅವಳು ಒಣಕಡ್ಡಿಗಳಿಗೆ ಕಪ್ಪು ಬಣ್ಣ ಬಳಿದು ಹಳೆಯ ಹೂಜಿಯೊಂದರಲ್ಲಿ ನಿಲ್ಲಿಸಿದಳು. ಬಿಳಿಯ ರಟ್ಟಿನಲ್ಲಿ ತಲೆಬುರುಡೆಯೊಂದನ್ನು ಕತ್ತರಿಸಿ ಕಡ್ಡಿಗಳ ನಡುವೆ ಸಿಕ್ಕಿಸಿದಳು. ನನ್ನ ತಾಯಿ ಅದನ್ನು ನೋಡಿ, “ಇದೇನೇ ಇದು, ಬೆದರುಬೊಂಬೆಗೆ ಮೈಯೇ ಇಲ್ಲವಲ್ಲ!” ಎಂದು ನಕ್ಕರು. ಬುರುಡೆಯ ಕಣ್ಣಿನ ಕುಳಿಗಳಲ್ಲಿ ಇಡಲು ಮಗಳು ದೇವರಾಜ ಮಾರುಕಟ್ಟೆಯಿಂದ ಒಂದು ಬುಟ್ಟಿ ಚೆಂಡುಹೂ ತಂದಿದ್ದಳು. ಬುಟ್ಟಿಯ ಮೇಲಿನ ಕಾಗದ ಸರಿಸಿದೊಡನೆ ಆ ಕಟುವಾದ ವಾಸನೆ ನಡುಮನೆಯನ್ನೆಲ್ಲ ತುಂಬಿತು. ತಾಯಿಯ ನಗು ಅಲ್ಲಿಗೆ ನಿಂತಿತು. “ಅದನ್ನು ಆಚೆ ಇಡು ಮಗು” ಎಂದವರು ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಸಂಜೆಯ ಕಾಫಿಗೂ ಬರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನನ್ನ ತಂದೆ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅದೂ ಆಶ್ವಯುಜ ಮಾಸವೇ. ಮಾರುಕಟ್ಟೆಯ ತುಂಬ ಚೆಂಡುಹೂವಿನ ರಾಶಿ. ಬಂದವರೆಲ್ಲ ತಂದದ್ದು ಆ ಹೂವಿನ ಹಾರವನ್ನೇ. ಚಟ್ಟದ ಮೇಲೆ ತಂದೆಯ ಮುಖವೊಂದನ್ನುಳಿದು ಬೇರೇನೂ ಕಾಣದಷ್ಟು ಹೂವು. ಅಂದಿನಿಂದ ನಮ್ಮ ಹೊಸ್ತಿಲಿಗೆ ಆ ಹೂವು ಬಂದಿರಲಿಲ್ಲ. ದಸರೆಗೂ ದೀಪಾವಳಿಗೂ ಬಾಗಿಲಿಗೆ ಸೇವಂತಿಗೆಯ ಮಾಲೆಯೇ. ಯಾರೂ ಇದನ್ನು ನಿಯಮವೆಂದು ಹೇಳಿರಲಿಲ್ಲ; ಎಲ್ಲರೂ ಪಾಲಿಸುತ್ತಿದ್ದೆವು.

ಮಗಳು ಬುಟ್ಟಿಯನ್ನು ಜಗಲಿಯಲ್ಲಿಟ್ಟು ಬಂದು, “ಬುರುಡೆ ನೋಡಿ ನಕ್ಕ ಅಜ್ಜಿ ಹೂವು ನೋಡಿ ಯಾಕಪ್ಪ ಹೆದರಿದರು? ಚೆಂಡುಹೂ ಮಂಗಳದ್ದಲ್ಲವೆ?” ಎಂದು ಕೇಳಿದಳು. ಕನ್ನಡ ಮೇಷ್ಟರಾದ ನನಗೆ ಹೂವಿನ ವಿಷಯದಲ್ಲಿ ಗತಿಯೆಂದರೆ ಕಾವ್ಯ. ಬನವಾಸಿಯನ್ನು ನೆನೆದು ಕರಗಿದ ಪಂಪನಿಗೆ ಅರಳಿದ ಮಲ್ಲಿಗೆ ಗೊತ್ತು. ವಿರೂಪಾಕ್ಷನ ಪೂಜೆಗೆಂದು ತೋಟ ಹೊಕ್ಕ ಹರಿಹರ ತನ್ನ ‘ಪುಷ್ಪರಗಳೆ’ಯಲ್ಲಿ ಹೂಗಳೊಡನೆ ಬಂಧುಗಳೊಡನೆಂಬಂತೆ ಮಾತನಾಡಿದ್ದಾನೆ. ಆದರೆ ಈ ಮಹನೀಯರಲ್ಲಿ ಯಾರೂ ನಮ್ಮ ಚೆಂಡುಹೂವನ್ನು ಕಂಡಿರಲು ಸಾಧ್ಯವೇ ಇಲ್ಲ. ಅವರ ಕಾಲಕ್ಕೆ ಅದು ಎರಡು ಸಾಗರಗಳಾಚೆ, ಮೆಕ್ಸಿಕೋ ದೇಶದ ಪ್ರಸ್ಥಭೂಮಿಯಲ್ಲಿ ಅರಳುತ್ತಿತ್ತು. ಮಗಳ ಪ್ರಶ್ನೆಗೆ ಉತ್ತರ ಹುಡುಕಹೊರಟ ನಾನು ಈ ಹೂವಿನ ಪೂರ್ವಾಶ್ರಮವನ್ನು ಹುಡುಕಿಕೊಂಡು ಅಲ್ಲಿಗೇ ಹೋಗಬೇಕಾಯಿತು.

ಮೆಕ್ಸಿಕೋದ ಮೂಲನಿವಾಸಿಗಳಾದ ನಾವಾ ಜನರ ಭಾಷೆಯಲ್ಲಿ ಈ ಹೂವಿನ ಹೆಸರು ‘ಸೆಂಪೋವಲ್‌ಷೋಚಿಟ್ಲ್’. ಇಂದಿನ ಸ್ಪ್ಯಾನಿಷ್ ನಾಲಗೆಯಲ್ಲಿ ಅದು ‘ಸೆಂಪಾಸೂಚಿಲ್’ ಆಗಿದೆ. ‘ಸೆಂಪೋವಲ್ಲಿ’ ಎಂದರೆ ಇಪ್ಪತ್ತು, ‘ಷೋಚಿಟ್ಲ್’ ಎಂದರೆ ಹೂವು. ಇಪ್ಪತ್ತರ ಹೂವು! ನಾವು ಹತ್ತರ ಲೆಕ್ಕದವರಾದರೆ ಅವರು ಇಪ್ಪತ್ತರ ಲೆಕ್ಕದವರು. ಅವರ ವರ್ಷದಲ್ಲಿ ಇಪ್ಪತ್ತು ದಿನಗಳ ಹದಿನೆಂಟು ತಿಂಗಳುಗಳಿದ್ದುವು. ಇಪ್ಪತ್ತೆಂದರೆ ತುಂಬಿದ ಎಣಿಕೆ, ಬಹಳವೆಂಬ ಅರ್ಥ. ನಾವು ತಾವರೆಯನ್ನು ಶತಪತ್ರ, ಸಹಸ್ರದಳ ಎನ್ನುವುದಿಲ್ಲವೆ, ಹಾಗೆಯೇ ಇದು. ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುವ ಹೊತ್ತಿಗೆ ಅಲ್ಲಿಯೂ ಇದು ಗದ್ದೆಗಟ್ಟಲೆ ಅರಳುತ್ತದೆ. ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಸೋಚಿಮಿಲ್ಕೊ ಎಂಬ ಊರಿನ ಹೆಸರಿನ ಅರ್ಥವೇ ಹೂವಿನ ಹೊಲ. ಸರೋವರದ ನಡುವೆ ಕೆಸರು ಮಣ್ಣನ್ನೇರಿಸಿ ಕಟ್ಟಿದ ಅಲ್ಲಿನ ನಡುಗಡ್ಡೆಯ ತೋಟಗಳಲ್ಲಿ ಇಂದಿಗೂ ಹಬ್ಬದ ಮಾರಾಟಕ್ಕಾಗಿ ಈ ಹೂವನ್ನು ಬೆಳೆಯುತ್ತಾರೆ.

೧೫೨೧ರಲ್ಲಿ ಸ್ಪೇನಿನ ಕೋರ್ಟೆಸನ ಸೈನ್ಯಕ್ಕೆ ಆಜ್ಟೆಕರ ರಾಜಧಾನಿ ಸೋತಿತು. ೧೫೨೯ರಲ್ಲಿ ಅಲ್ಲಿಗೆ ಬಂದಿಳಿದ ಬೆರ್ನಾರ್ದಿನೊ ದ ಸಹಗೂನ್ ಎಂಬ ಕ್ರೈಸ್ತ ಸಂನ್ಯಾಸಿ ನಾವಾ ಭಾಷೆಯನ್ನು ಕಲಿತು, ಆ ಜನರ ವಿದ್ಯಾವಂತರನ್ನೇ ಜೊತೆಗಿಟ್ಟುಕೊಂಡು, ಅವರ ದೇವರು, ಹಬ್ಬ, ಗಿಡಮರ, ಪ್ರಾಣಿಪಕ್ಷಿಗಳೆಲ್ಲವನ್ನೂ ಹನ್ನೆರಡು ಭಾಗಗಳಲ್ಲಿ ಬರೆಯಿಸಿಟ್ಟನು. ಆ ಹಸ್ತಪ್ರತಿ ಇಂದು ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿದೆ. ಪರಧರ್ಮವನ್ನು ಅಳಿಸಬೇಕೆಂದು ಬಂದವನೇ ಅದನ್ನು ಅಕ್ಷರದಲ್ಲಿ ಉಳಿಸಿದ್ದು ಚರಿತ್ರೆಯ ಒಂದು ವಿನೋದ.

ಆ ಗ್ರಂಥದಲ್ಲಿ ಬರುವ ಒಂದು ಹಬ್ಬದ ವರ್ಣನೆ ನನ್ನ ಮನಸ್ಸಿನಲ್ಲಿ ನಾಟಿಕೊಂಡಿತು. ‘ದಾರಿ ಗುಡಿಸುವುದು’ ಎಂಬ ಹೆಸರಿನ ತಿಂಗಳಲ್ಲಿ ‘ನಮ್ಮ ಅಜ್ಜಿ’ಯೆನಿಸಿದ ತೋಸಿಯ ಉತ್ಸವ. ಆ ದೇವತೆಯ ಪ್ರತಿರೂಪವೆಂದು ಹೆಣ್ಣೊಬ್ಬಳನ್ನು ಆರಿಸಿ ಅಲಂಕರಿಸುತ್ತಿದ್ದರು. ಕೊನೆಗೆ ಅವಳನ್ನು ಬಲಿ ಕೊಡುವವರು. ಅದಕ್ಕೆ ಮುಂಚೆ ಅವಳು ಅಳಬಾರದು. ಅತ್ತರೆ ಯುದ್ಧದಲ್ಲಿ ಯೋಧರೂ ಹೆರಿಗೆಯಲ್ಲಿ ತಾಯಂದಿರೂ ಸಾಯುವರೆಂಬ ನಂಬಿಕೆ. ಆದ್ದರಿಂದ ನಾಟಿವೈದ್ಯದ ಹೆಂಗಸರೆಲ್ಲ ಎರಡು ಗುಂಪಾಗಿ ಅವಳ ಮುಂದೆ ಹುಡುಗಾಟದ ಕಾಳಗ ನಡೆಸುತ್ತಿದ್ದರು. ಅವರು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದ ಆಯುಧಗಳಲ್ಲಿ ಜೊಂಡಿನ ಉಂಡೆ, ಪಾಪಾಸುಕಳ್ಳಿಯ ಎಲೆಗಳ ಜೊತೆಗೆ ನಮ್ಮ ಈ ಹಳದಿ ಹೂವೂ ಒಂದು. ಸಾಯಹೊರಟವಳ ಕಣ್ಣೀರನ್ನು ತಡೆಯಲು ಎಸೆದ ಹೂಚೆಂಡು! ನಮ್ಮವರು ಈ ಹೂವಿಗೆ ಚೆಂಡೆಂದು ಹೆಸರಿಡುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಅದನ್ನು ಚೆಂಡಾಗಿ ಆಡಿದ್ದರು, ಸಾವಿನ ಅಂಗಳದಲ್ಲಿ.

ಹೀಗೆ ಮರಣದ ನೆರಳಿನಲ್ಲಿ ಬೆಳೆದ ಹೂವು ಮುಂದೆ ಸತ್ತವರ ಹಬ್ಬಕ್ಕೆ ಬಂದ ದಾರಿ ಅಷ್ಟು ನೇರವಾದುದಲ್ಲ. ಆಜ್ಟೆಕರಲ್ಲಿ ಮೃತರಿಗಾಗಿ ಎರಡು ಹಬ್ಬಗಳಿದ್ದುವು, ಸತ್ತ ಮಕ್ಕಳಿಗೆ ಚಿಕ್ಕದು, ದೊಡ್ಡವರಿಗೆ ದೊಡ್ಡದು. ಆದರೆ ಅವು ಬೀಳುತ್ತಿದ್ದುದು ಬೇಸಗೆಯ ಕೊನೆಗೆ. ನವೆಂಬರ್ ೧ ಸಕಲ ಸಂತರ ದಿನ, ೨ ಸಕಲ ಆತ್ಮಗಳ ದಿನ ಎಂಬ ಏರ್ಪಾಡು ಯೂರೋಪಿನ ಕ್ರೈಸ್ತಮಠಗಳದು. ಎರಡನೆಯ ದಿನವನ್ನು ಹನ್ನೊಂದನೆಯ ಶತಮಾನದ ಆದಿಯ ಸುಮಾರಿಗೆ ಫ್ರಾನ್ಸಿನ ಕ್ಲೂನಿ ಮಠದ ಒಡೆಯ ಓದಿಲೋ ನೆಲೆಗೊಳಿಸಿದನು. ೧೫೭೦ರ ದಶಕದಲ್ಲಿ ಮೆಕ್ಸಿಕೋದ ಆಚಾರಗಳನ್ನು ಬರೆದಿಟ್ಟ ದಿಯೆಗೊ ದುರಾನ್ ಎಂಬ ಇನ್ನೊಬ್ಬ ಸಂನ್ಯಾಸಿ, ಜನರು ಸಂತರ ದಿನದಂದು ಸತ್ತ ಮಕ್ಕಳಿಗೂ ಮರುದಿನ ದೊಡ್ಡವರಿಗೂ ಎಡೆಯಿಡುವುದನ್ನು ಕಂಡು ಹುಬ್ಬು ಗಂಟಿಕ್ಕಿದನು. ಹಳೆಯ ಹಬ್ಬವೇ ಹೊಸ ಅಂಗಿ ತೊಟ್ಟು ಬಂದಿದೆಯೆಂಬುದು ಅವನ ಗುಮಾನಿ. ಈ ಗುಮಾನಿ ನಿಜವೋ, ಇಲ್ಲ ಇಡೀ ಆಚರಣೆ ಸ್ಪೇನಿನಿಂದಲೇ ಬಂದುದೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಇರಲಿ. ತಿಥಿ ಚರ್ಚಿನದು, ಹೂವು ನೆಲದ್ದು ಎಂಬಷ್ಟನ್ನು ಯಾರೂ ಅಲ್ಲಗಳೆಯರು.

ನನ್ನ ಮಗಳ ಹ್ಯಾಲೋವೀನ್ ಇದೇ ತಿಥಿಯ ಇನ್ನೊಂದು ಸಂತಾನ. ಸಂತರ ದಿನದ ಹಿಂದಿನ ಸಂಜೆ ಎಂಬುದೇ ಆ ಹೆಸರಿನ ಅರ್ಥ. ಐರ್ಲೆಂಡಿನ ಹಳ್ಳಿಗರು ಆ ಇರುಳು ಪ್ರೇತಗಳನ್ನು ಅಟ್ಟಲು ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಣ ಬರಗಾಲದಿಂದ ಕಂಗೆಟ್ಟು ಅಮೆರಿಕಕ್ಕೆ ವಲಸೆ ಹೋದ ಐರಿಷರೊಂದಿಗೆ ಆ ಪದ್ಧತಿಯೂ ಹೋಯಿತು. ಅಲ್ಲಿ ಹೇರಳವಾಗಿದ್ದ ಕುಂಬಳಕಾಯಿ ಗೆಡ್ಡೆಯ ಸ್ಥಾನವನ್ನು ಹಿಡಿಯಿತು. ಮನೆಯನ್ನು ಕಾಗದದ ಬಾವಲಿ, ಬೆಕ್ಕು, ಬುರುಡೆಗಳಿಂದ ಸಿಂಗರಿಸುವ ರೂಢಿಯಾದರೋ ಇಪ್ಪತ್ತನೆಯ ಶತಮಾನದ ವ್ಯಾಪಾರದ ಕೊಡುಗೆ. ಸುಕ್ಕುಗಾಗದ ತಯಾರಿಸುತ್ತಿದ್ದ ಡೆನಿಸನ್ ಎಂಬ ಅಮೆರಿಕದ ಕಂಪೆನಿ ೧೯೦೯ರಲ್ಲಿ ಇಂಥ ಅಲಂಕಾರಗಳನ್ನು ಮಾಡುವ ಬಗೆಯನ್ನು ತಿಳಿಸುವ ಕೈಪಿಡಿಯನ್ನೇ ಅಚ್ಚುಹಾಕಿ ಮಾರಿತು. ಅಲ್ಲಿ ಅಲಂಕಾರದ ಉದ್ದೇಶ ಒಂದೇ: ಹೆದರಿಸುವುದು, ಹೆದರಿ ನಗುವುದು. ಬಾಗಿಲಿಗೆ ಬಂದ ಪ್ರೇತಕ್ಕೆ ‘ಆಚೆ ಹೋಗು’ ಎನ್ನುವ ಹಬ್ಬವದು.

ಮೆಕ್ಸಿಕೋದ ಮನೆಗಳಲ್ಲಿ ಅದೇ ದಿನಗಳಂದು ಕೇಳುವ ಮಾತು ‘ಒಳಗೆ ಬಾ’ ಎಂಬುದು. ಅಲ್ಲಿನ ಮನೆಯಲಂಕಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೋಡೆಗೆ ಸೇರಿಸಿ ಒಂದು ಮೇಜು. ಮೇಲೊಂದು ಪೆಟ್ಟಿಗೆ ಏರಿಸಿ ಮೆಟ್ಟಿಲುಗಳಾಗಿ ಮಾಡಿ, ಬಟ್ಟೆ ಹಾಸುತ್ತಾರೆ. ನಮ್ಮ ದಸರೆಯ ಬೊಂಬೆಯ ಮೆಟ್ಟಿಲನ್ನು ನೆನೆದರೆ ಸಾಕು. ಎರಡು ಕಬ್ಬಿನ ಜಲ್ಲೆಗಳನ್ನೋ ಜೊಂಡಿನ ಕಡ್ಡಿಗಳನ್ನೋ ಬಾಗಿಸಿ ಕಮಾನು ಕಟ್ಟಿ ಅದರ ಮೈತುಂಬ ಚೆಂಡುಹೂ ಸುತ್ತುತ್ತಾರೆ. ಅದು ಎರಡು ಲೋಕಗಳ ನಡುವಣ ಬಾಗಿಲು. ನಡುನಡುವೆ ಕಡುಗೆಂಪು ಕೋಳಿಜುಟ್ಟಿನ ಹೂವು. ಮೇಲೆ ಬಣ್ಣದ ತೆಳುಗಾಗದದಲ್ಲಿ ಕತ್ತರಿಸಿದ ಚಿತ್ತಾರಗಳ ತೋರಣ. ನಡುವೆ ಸತ್ತವರ ಭಾವಚಿತ್ರ. ಅದರ ಮುಂದೆ ಅವರಿಗೆ ಇಷ್ಟವಾದ ಅಡುಗೆ, ಅಂದಿಗೆಂದೇ ಸುಟ್ಟ ರೊಟ್ಟಿ, ಸಕ್ಕರೆಯಚ್ಚಿನ ಪುಟ್ಟ ಬುರುಡೆಗಳು. ದೂರದಿಂದ ನಡೆದು ಬಂದವರಿಗೆ ಬಾಯಾರಿರುತ್ತದಲ್ಲ, ಅದಕ್ಕೊಂದು ಲೋಟ ನೀರು. ಒಂದಿಷ್ಟು ಉಪ್ಪು. ಸಾಲು ಮೇಣದ ಬತ್ತಿಗಳು. ಕೆಂಡದ ಮೇಲೆ ಕೋಪಾಲ್ ಎಂಬ ಮರದ ಅಂಟಿನ ಧೂಪ. ಅಪ್ಪ ಬಡಗಿಯಾಗಿದ್ದರೆ ಅವನ ಉಳಿ. ಮಗುವಾಗಿದ್ದರೆ ಅದರ ಆಟಿಕೆ.

ಕೊನೆಯ ಕೆಲಸವೇ ಎಲ್ಲಕ್ಕಿಂತ ಸುಲಭವಾದುದು, ಎಲ್ಲಕ್ಕಿಂತ ಮುಖ್ಯವಾದುದು. ಬುಟ್ಟಿಯ ತುಂಬ ಚೆಂಡುಹೂವಿನ ಎಸಳುಗಳನ್ನು ಬಿಡಿಸಿಕೊಂಡು, ಬೀದಿಯ ಬಾಗಿಲಿನಿಂದ ಆ ಮೇಜಿನವರೆಗೆ ನೆಲದ ಮೇಲೆ ಉದುರಿಸುತ್ತ ಬರುತ್ತಾರೆ. ಕತ್ತಲೆಯಲ್ಲಿ ಹೊಂಬಣ್ಣದ ಹಾದಿ. ಸತ್ತವರ ಕಣ್ಣು ಮಂಜಾಗಿದ್ದೀತು, ಮನೆಯ ಗುರುತು ಮರೆತಿದ್ದೀತು. ಆದರೆ ಈ ಹೂವಿನ ಬಣ್ಣ ದೂರಕ್ಕೂ ಕಾಣುತ್ತದೆ, ಈ ವಾಸನೆ ಎಂಥ ಕತ್ತಲೆಯಲ್ಲಿಯೂ ದಾರಿ ತಪ್ಪಿಸುವುದಿಲ್ಲ ಎಂಬುದು ಅವರ ನಂಬಿಕೆ. ಅಕ್ಟೋಬರ್ ೩೧ರ ಇರುಳು ಮಕ್ಕಳು ಬರುತ್ತಾರೆ, ಮರುದಿನ ದೊಡ್ಡವರು. ಎರಡನೆಯ ತಾರೀಖು ಗೋರಿಗಳಿಗೂ ಹೂವಿಟ್ಟು, ಬಂದವರನ್ನು ಕಳುಹಿಸಿಕೊಟ್ಟು, ಎಡೆಯ ಅಡುಗೆಯನ್ನು ನೆರೆಯವರೊಡನೆ ಹಂಚಿಕೊಂಡು ಉಣ್ಣುತ್ತಾರೆ.

ಇದನ್ನು ಓದುವಾಗ ನಮ್ಮ ಮಹಾಲಯದ ಪಕ್ಷ ಯಾರಿಗೆ ತಾನೇ ನೆನಪಾಗದು? ನಾವೂ ಶರತ್ಕಾಲದ ಹೊಸ್ತಿಲಲ್ಲಿಯೇ ಪಿತೃಗಳನ್ನು ಕರೆಯುವವರು, ಉಣಬಡಿಸಿ ಕಳುಹಿಸುವವರು. ಆದರೆ ನಮ್ಮ ಮನೆಯ ಪದ್ಧತಿಯಲ್ಲಿ ಅಲ್ಲಿ ಎಳ್ಳು, ದರ್ಭೆ, ತುಳಸಿಗಳಿಗೆ ಸ್ಥಾನ, ಚೆಂಡುಹೂವಿಗಿಲ್ಲ. ಅದು ಬರುವುದು ಪಕ್ಷ ಕಳೆದು ನವರಾತ್ರಿ ಹೊಕ್ಕ ಮೇಲೆ, ಮಂಗಳದ ಸರದಿಯಲ್ಲಿ.

ಬುರುಡೆಯ ಕಥೆಯನ್ನೂ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಹೂವಿನ ಟೋಪಿಯಿಟ್ಟ ಅಸ್ಥಿಪಂಜರದ ಹೆಂಗಸೊಬ್ಬಳ ಚಿತ್ರ ಈಗ ಲೋಕಪ್ರಸಿದ್ಧ. ಅದನ್ನು ಕೊರೆದವನು ಹೊಸೆ ಗ್ವದಲೂಪೆ ಪೊಸಾದ, ೧೯೧೩ರಲ್ಲಿ ತೀರಿಕೊಂಡನು. ದೊರೆಸಾನಿಯಂತೆ ಮೆರೆಯಬಯಸುವವರನ್ನು ಅಣಕಿಸಲೆಂದು ಅವನು ಅದನ್ನು ರಚಿಸಿದ್ದು. ದಿಯೆಗೊ ರಿವೇರ ೧೯೪೭ರಲ್ಲಿ ಮುಗಿಸಿದ ದೊಡ್ಡ ಭಿತ್ತಿಚಿತ್ರದಲ್ಲಿ ಅವಳಿಗೆ ಉದ್ದನೆಯ ಉಡುಪು ತೊಡಿಸಿ, ಬಾಲಕನಾದ ತನ್ನ ಕೈಯನ್ನು ಅವಳ ಕೈಯಲ್ಲಿಟ್ಟನು. ಆಮೇಲೆ ಸಿನಿಮಾದವರ ಸರದಿ. ೨೦೧೫ರ ಜೇಮ್ಸ್ ಬಾಂಡ್ ಚಿತ್ರವೊಂದರಲ್ಲಿ ಮೆಕ್ಸಿಕೋ ನಗರದ ಬೀದಿಗಳಲ್ಲಿ ಸತ್ತವರ ದಿನದ ಭಾರಿ ಮೆರವಣಿಗೆಯನ್ನು ತೋರಿಸಿದರು. ಅಂಥ ಮೆರವಣಿಗೆ ಅಲ್ಲಿ ಇರಲೇ ಇಲ್ಲ. ನೋಡಿದವರು ಕೇಳುವರೆಂದು ೨೦೧೬ರಿಂದ ನಗರದವರು ನಿಜವಾಗಿಯೇ ನಡೆಸತೊಡಗಿದರು! ಸಂಪ್ರದಾಯ ಹುಟ್ಟುವುದು ಹೀಗೂ ಉಂಟು. ಆದರೆ ಯುನೆಸ್ಕೋ ಸಂಸ್ಥೆ ೨೦೦೮ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಮೆರವಣಿಗೆಯನ್ನಲ್ಲ, ಮೂಲನಿವಾಸಿಗಳು ಮೃತರಿಗಾಗಿ ನಡೆಸುವ ಈ ಹಬ್ಬವನ್ನು.

ಇನ್ನು ನಮ್ಮ ಹೂವಿನ ಪ್ರಯಾಣ. ಸ್ಪೇನಿನ ಹಡಗುಗಳಲ್ಲಿ ಅದರ ಬೀಜ ಯೂರೋಪಿಗೆ ಬಂದಿತು. ೧೫೪೨ರಲ್ಲಿ ಜರ್ಮನಿಯ ವೈದ್ಯ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಈ ಕುಲದ ಹೂವೊಂದರ ಚಿತ್ರವನ್ನು ಅಚ್ಚುಮಾಡಿದನು. ಉತ್ತರ ಆಫ್ರಿಕದ ದಂಡೆಯಲ್ಲಿ ಇದು ಕಾಡುಬಿದ್ದು ಬೆಳೆದುದನ್ನು ಕಂಡ ಇಂಗ್ಲಿಷರು, ಇದರ ತವರು ಅದೇ ಎಂದು ಭ್ರಮಿಸಿ ‘ಆಫ್ರಿಕನ್ ಮಾರಿಗೋಲ್ಡ್’ ಎಂದು ಕರೆದರು; ಆ ತಪ್ಪು ಹೆಸರು ಇನ್ನೂ ಅಳಿದಿಲ್ಲ. ಲಿನೇಯಸ್ ೧೭೫೩ರಲ್ಲಿ ಇದಕ್ಕೆ ಕೊಟ್ಟ ಹೆಸರು ‘ಟ್ಯಾಜಿಟೀಸ್ ಇರೆಕ್ಟ’. ಇಟಲಿಯ ಹಳೆಯ ಎಟ್ರಸ್ಕನ್ ಜನರ ಕಥೆಯಲ್ಲಿ ಟ್ಯಾಜಿಸ್ ಎಂಬ ಬಾಲಕ, ನಮ್ಮ ಸೀತೆಯಂತೆ, ನೇಗಿಲ ಸಾಲಿನಿಂದ ಎದ್ದುಬಂದು ಭವಿಷ್ಯ ನುಡಿಯುವ ವಿದ್ಯೆಯನ್ನು ಕಲಿಸಿದನಂತೆ. ಅವನ ಹೆಸರೇ ಈ ಕುಲದ ಹೆಸರಿಗೆ ಮೂಲವೆನ್ನುತ್ತಾರೆ. ಮಣ್ಣಿನೊಳಗಿಂದ ಎದ್ದುಬಂದವನ ಹೆಸರು, ಮಣ್ಣಿಗೆ ಹೋದವರನ್ನು ಕರೆಯುವ ಹೂವಿಗೆ! ಇಟ್ಟವನಿಗೆ ಈ ಹೊಂದಿಕೆ ಹೊಳೆದಿತ್ತೋ ಇಲ್ಲವೋ.

ಭಾರತಕ್ಕೆ ಇದು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಅವರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಮೆಣಸಿನಕಾಯಿ, ಸೀಬೆ, ಗೋಡಂಬಿಗಳು ಬಂದ ದಾರಿಯೂ ಅದೇ. ಬಂದ ಹೂವಿನೊಡನೆ ಅದರ ಹಬ್ಬ ಬರಲಿಲ್ಲ, ಹೆಸರೂ ಬರಲಿಲ್ಲ. ನಮ್ಮವರು ಅದರ ಕುಲಗೋತ್ರ ಕೇಳಲಿಲ್ಲ. ದುಂಡಗಿದ್ದುದನ್ನು ಕಂಡು ಚೆಂಡುಹೂವೆಂದರು; ಕರಾವಳಿಯವರು ಗೊಂಡೆಹೂವೆಂದರು. ನೋಡಲು ಅರಿಸಿನದ ಬಣ್ಣ, ಕಟ್ಟಿದರೆ ಬೇಗ ಬಾಡದು, ಹೊಲದ ಬದುವಿನಲ್ಲಿಯೂ ಬೆಳೆಯುತ್ತದೆ, ಬಡವನ ಕೈಗೂ ಎಟಕುತ್ತದೆ. ಸರಿಯಾಗಿ ದಸರೆ ದೀಪಾವಳಿಗಳ ಹೊತ್ತಿಗೆ ಅರಳುತ್ತದೆ. ಇನ್ನೇನು ಬೇಕು? ಆಯುಧಪೂಜೆಯ ನೇಗಿಲಿಗೂ ಬಸ್ಸಿನ ಮೂತಿಗೂ ಅದೇ ಹಾರ. ಬಲಿಪಾಡ್ಯಮಿಯಂದು ಬಡಗಣ ಕನ್ನಡನಾಡಿನ ಹೆಂಗಸರು ಸಗಣಿಯಲ್ಲಿ ಮಾಡಿಡುವ ಪಾಂಡವರ ತಲೆಗೂ ಅದೇ ಹೂವು. ಗುಂಡ್ಲುಪೇಟೆಯ ಕಡೆ ಹೊಲಗಟ್ಟಲೆ ಬೆಳೆದು, ಎಸಳಿನಿಂದ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಮಾರುವುದೂ ಉಂಟು. ಆ ಬಣ್ಣವನ್ನು ಕೋಳಿಯ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಹಳದಿಗೆ ರಂಗೇರುತ್ತದೆ. ಟೊಮೇಟೋ ಸಾಲಿನ ನಡುವೆ ನೆಟ್ಟರೆ ಇದರ ಬೇರಿನ ರಸ ಮಣ್ಣಿನೊಳಗಿನ ಜಂತುಹುಳುಗಳನ್ನು ಕೊಲ್ಲುತ್ತದೆಂದು ರೈತರೆಲ್ಲ ಬಲ್ಲರು.

ಹೀಗೆ ಎಲ್ಲೆಡೆ ಸಲ್ಲುವ ಹೂವಾದ ಕಾರಣವೇ ಅದು ಚಟ್ಟದ ಮೇಲೂ ಬಂದಿತು. ತೋರಣಕ್ಕೆ ಕಟ್ಟುವ ಕೈಯೇ ಶವದ ಹಾರವನ್ನೂ ಕಟ್ಟುತ್ತದೆ. ಹೂವಿನಲ್ಲಿ ಮಂಗಳವೂ ಇಲ್ಲ, ಅಮಂಗಳವೂ ಇಲ್ಲ. ಅದರ ಎಲೆಯಲ್ಲಿ, ಮೊಗ್ಗಿನ ಬುಡದ ಹಸುರು ಕವಚದಲ್ಲಿ ಎಣ್ಣೆಯ ಸಣ್ಣ ಚೀಲಗಳಿವೆ, ಕೈ ಸೋಕಿದರೆ ಒಡೆದು ವಾಸನೆ ಬರುತ್ತದೆ, ಅಷ್ಟೆ. ಆ ವಾಸನೆಯನ್ನು ಹಿಡಿದು ಸತ್ತವರು ಬರುವರೆಂದು ಮೆಕ್ಸಿಕೋದ ತಾಯಿ ಬಾಗಿಲು ತೆರೆಯುತ್ತಾಳೆ. ಅದೇ ವಾಸನೆಗೆ ನನ್ನ ತಾಯಿ ಬಾಗಿಲು ಮುಚ್ಚಿಕೊಂಡರು. ಆದರೆ ಒಂದು ಮಾತನ್ನು ನಾನು ಒಪ್ಪಲೇಬೇಕು: ಇಬ್ಬರ ಮನೆಗೂ ಆ ವಾಸನೆಯೊಡನೆ ಬಂದವರು ಸತ್ತವರೇ. ಮಗಳ ರಟ್ಟಿನ ಬುರುಡೆ ಯಾರದೂ ಅಲ್ಲ. ಆದ್ದರಿಂದ ಅದು ನಗಿಸಿತು. ಹೂವಿನ ಹಿಂದೆ ಮುಖವೊಂದಿತ್ತು.

ಎರಡು ದಿನ ಕಳೆದು, ರಾತ್ರಿ ಊಟಕ್ಕೆ ಕುಳಿತಾಗ ನಾನು ಓದಿದುದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ತಾಯಿಗೂ ಕೇಳಿಸಲೆಂಬ ಆಸೆಯಿಂದ ತುಸು ಗಟ್ಟಿಯಾಗಿಯೇ ಹೇಳಿದೆನೆನ್ನಬೇಕು. ಅವರು ಮಾತಿಲ್ಲದೆ ಕೇಳುತ್ತಿದ್ದವರು, “ಕುಡಿಯೋದಕ್ಕೆ ನೀರೂ ಇಡ್ತಾರೇನೋ?” ಎಂದರು. ಇಡುತ್ತಾರೆಂದೆ. “ಒಳ್ಳೇದು. ಪಾಪ, ಅಷ್ಟು ದೂರದಿಂದ ಬಂದಿರ್ತಾರೆ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಆ ಹೂವಿನ ವಾಸನೆ ಹಿಡಿದೇ ಬರ್ತಾರೇನು?” ಎಂದು ಕೇಳಿದರು. ಹಾಗೆಂದು ಅವರ ನಂಬಿಕೆಯಮ್ಮ ಎಂದೆ.

“ಹಾಗಾದರೆ ನಿಮ್ಮಪ್ಪ ಬಂದ ಹಾಗೇ ಇತ್ತು! ನಶ್ಯ ಏರಿಸಿ ಏರಿಸಿ ಮೂಗು ಸತ್ತುಹೋಗಿತ್ತು ಅವರಿಗೆ. ಮಲ್ಲಿಗೆಗೂ ಇಂಗಿಗೂ ವ್ಯತ್ಯಾಸ ತಿಳೀತಿರಲಿಲ್ಲ. ಚೆಂಡುಹೂವಿನ ವಾಸನೆ ಹಿಡಿದು ಎಲ್ಲಿಂದ ಬರ್ತಾರೆ ಅವರು?”

ಹೇಳುತ್ತ ಹೇಳುತ್ತ ಅವರಿಗೇ ನಗು ತಡೆಯಲಾಗಲಿಲ್ಲ; ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂರು ವರ್ಷಗಳಲ್ಲಿ ತಂದೆಯ ಮಾತೆತ್ತಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಕೈ ತೊಳೆದು ಬಂದವರು ಮೊಮ್ಮಗಳನ್ನು ಕರೆದು, “ಆ ಬುಟ್ಟಿ ಜಗಲಿಯಲ್ಲೇ ಇದೆಯೇನೇ? ಇಬ್ಬನಿ ಬಿದ್ದು ಹಾಳಾಗುತ್ತೆ, ಒಳಗೆ ತಂದಿಡು” ಎಂದರು.